ಗೇಟಿನ ಕೆಳಗಿನ ಬಾಳೆಮೀನು

ಮಳೆಗಾಲದಲ್ಲಿ ವಾರ್ತೆ ಮುಗಿಯುವ ಹೊತ್ತಿಗೆ ಜಲಾಶಯಗಳ ಮಟ್ಟ ಓದುತ್ತಾರಲ್ಲ, ಅದನ್ನು ನೀವೆಲ್ಲ ಕೇಳಿರುತ್ತೀರಿ. ತುಂಗಭದ್ರಾ: ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಗಂಗಾವತಿ, ಸಿರುಗುಪ್ಪ ಕಡೆಯ ಭತ್ತದ ರೈತ ಮಟ್ಟಕ್ಕೆ ಕಿವಿಗೊಡುತ್ತಾನೆ. ಡ್ಯಾಮು ತುಂಬಿತೆ, ಎರಡನೇ ಬೆಳೆಗೆ ನೀರು ಸಿಕ್ಕೀತೆ ಎಂಬುದು ಅವನ ಲೆಕ್ಕ. ಹಂಪಿ, ಕಂಪ್ಲಿಯವರು ಹೊರಹರಿವು ಕೇಳಿಸಿಕೊಳ್ಳುತ್ತಾರೆ. ಪುರಂದರ ಮಂಟಪ ಮುಳುಗುತ್ತದೋ, ಕಂಪ್ಲಿ ಸೇತುವೆಯ ಮೇಲೆ ನಾಳೆ ಬಸ್ಸು ಓಡುತ್ತದೋ ಎಂಬುದು ಅವರ ಚಿಂತೆ. ಇವರಲ್ಲದೆ ಮೂರನೆಯವನೊಬ್ಬನಿದ್ದಾನೆ. ಅವನ ಮನೆಯ ಸೂರಿನಡಿ ಬಿದಿರಿನ ಗಾಳದ ಕೋಲು ಸಿಕ್ಕಿಸಿರುತ್ತದೆ. ಅವನೂ ಹೊರಹರಿವನ್ನೇ ಕೇಳುತ್ತಾನೆ, ಆದರೆ ಎಷ್ಟು ಎನ್ನುವುದು ಅವನಿಗೆ ಅಷ್ಟು ಮುಖ್ಯವಲ್ಲ. ನಿನ್ನೆಗಿಂತ ಏರಿತೋ ಇಳಿಯಿತೋ, ಅಷ್ಟು ತಿಳಿದರೆ ಸಾಕು. ನಾಳೆ ಬಾಳೆಮೀನು ಎಲ್ಲಿ ಮಲಗಿರುತ್ತದೆ ಎಂದು ಅವನಿಗೆ ಗೊತ್ತಾಗಿಬಿಡುತ್ತದೆ.

ಇವತ್ತಿನ ಮಾತು ಈ ಮೂರನೆಯವನ ಕಸುಬಿನ ಬಗ್ಗೆ: ಅಣೆಕಟ್ಟಿನ ಕೆಳಗೆ, ದೋಣಿ ಹರಿಗೋಲು ಏನೂ ಇಲ್ಲದೆ, ದಡದಲ್ಲೇ ಕುಳಿತು ಮೀಸೆ ಮೀನು ಹಿಡಿಯುವ ಬಗ್ಗೆ.

ಮೊದಲು ಜಾಗ ನೋಡೋಣ. ಹೊಸಪೇಟೆಯ ತುಂಗಭದ್ರಾ ಡ್ಯಾಮಿಗೆ ಆಗಿನ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರ್ಕಾರವೂ 1945ರಲ್ಲಿ ಆಚೆ ದಡ ಈಚೆ ದಡದಿಂದ ಕೈಹಾಕಿದವು. 1953ರ ಹೊತ್ತಿಗೆ ನೀರು ನಿಂತಿತು. ಸುರ್ಕಿ ಗಾರೆಯ ಕಲ್ಲುಕಟ್ಟಡ, 33 ಕ್ರಸ್ಟ್ ಗೇಟುಗಳು. ಗೇಟು ದಾಟಿ ಬಿದ್ದ ನೀರು ಕಲ್ಲುಹಾಸಿಗೆಯ ಮೇಲೆ ನೊರೆಯೆದ್ದು, ಹಂಪಿಯ ಕಡೆಯ ಹೆಬ್ಬಂಡೆಗಳ ನಡುವೆ ಕವಲೊಡೆದು ಓಡುತ್ತದೆ. ಎಲ್ಲಿ ಬಂಡೆಗೆ ಬಡಿದು ತಿರುಗುತ್ತದೋ ಅಲ್ಲಿ ಸುಳಿ, ಎಲ್ಲಿ ಸುಸ್ತಾಗಿ ನಿಲ್ಲುತ್ತದೋ ಅಲ್ಲಿ ಮಡು. ಗಾಳದವನಿಗೆ ಇದಕ್ಕಿಂತ ಒಳ್ಳೆಯ ನೀರು ಬೇಕಿಲ್ಲ.

ಡ್ಯಾಮಿನ ಕೆಳಗೆ ಮೀನು ರಾಶಿ ಬಿದ್ದಿರುತ್ತದೆ ಎಂಬ ಮಾತು ಎಲ್ಲ ಊರಲ್ಲೂ ಇದೆ. ಗೇಟು ಮುಚ್ಚಿದ ಮರುದಿನ ಹಳ್ಳಿಗೆ ಹಳ್ಳಿಯೇ ಬುಟ್ಟಿ, ಹಳೆ ಸೀರೆ, ಸೊಳ್ಳೆಪರದೆ ಹಿಡಿದು ಇಳಿಯುವುದನ್ನು ನೋಡಿದವರಿಗೆ ಆ ಮಾತಿನಲ್ಲಿ ಅನುಮಾನವೂ ಬಾರದು. ಕಂಪ್ಲಿ ಕಡೆಯ ಹಿರಿಯ ಅಂಬಿಗರೊಬ್ಬರ ಜೊತೆ ಕೂತು ನಾನು ಅನೇಕ ಸಂಜೆ ಕಳೆದಿದ್ದೇನೆ. ಅಲ್ಲಿ ಮೀನು ಹೆಚ್ಚು ಅಲ್ಲವೇ ಯಜಮಾನ್ರೆ ಎಂದರೆ ಅವರು ಬೀಡಿಯನ್ನು ಬಾಯಿಂದ ತೆಗೆದು ಹೇಳಿದ್ದು ಇಷ್ಟೆ: "ಹೆಚ್ಚಿಲ್ಲ ತಮ್ಮಾ, ನಿಂತಾವ. ಮ್ಯಾಲ ಹೋಗಾಕ ದಾರಿ ಇಲ್ಲ, ಅದಕ್ಕ ನಿಂತಾವ."

ನಾನು ಓದಿ ತಿಳಿದದ್ದೆಲ್ಲ ಈ ಮಾತಿಗೆ ಅಡಿಟಿಪ್ಪಣಿ. ಬಸ್ಸು ಬಾರದ ದಿನ ನಿಲ್ದಾಣದಲ್ಲಿ ಜನ ಕಿಕ್ಕಿರಿದರೆ ಊರಿನ ಜನಸಂಖ್ಯೆ ಏರಿತು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಡ್ಯಾಮಿನ ಬುಡದ ಮೀನಿನ ಲೆಕ್ಕವೂ ಹಾಗೆಯೇ. ಮುಂಗಾರಿನ ಕೆನ್ನೀರು ಬಂದಾಗ ನಮ್ಮ ಹೊಳೆಯ ಮೀನುಗಳಲ್ಲಿ ಬಹಳಷ್ಟು ನೀರಿಗೆ ಎದುರಾಗಿ ಏರುತ್ತವೆ. ಮೊಟ್ಟೆಯಿಡಲು ಅವಕ್ಕೆ ಮೇಲಿನ ಹಳ್ಳ, ನೆರೆ ಹರಡಿದ ತಗ್ಗು ಬೇಕು. ವಿಜಯನಗರದ ಕಾಲದಲ್ಲೂ ಇದೇ ಹೊಳೆಗೆ ಕಟ್ಟೆಗಳಿದ್ದವು. ತುರ್ತಾ ಕಾಲುವೆಗೆ ನೀರು ತಿರುಗಿಸಿದ ಕಟ್ಟೆಯೂ ಅಂಥದ್ದೇ. ಆದರೆ ಅವು ತಗ್ಗು ಕಟ್ಟೆಗಳು. ಹೊಳೆ ತುಂಬಿದಾಗ ಕಟ್ಟೆಯೇ ಮುಳುಗುತ್ತಿತ್ತು, ಮೀನು ಅದರ ತಲೆಯ ಮೇಲೆ ಹಾದು ಹೋಗುತ್ತಿತ್ತು. ನಮ್ಮ ಕಾಲದ ಅಣೆಕಟ್ಟು ಮುಳುಗುವುದಿಲ್ಲ. ಮೀನಿಗೆಂದು ಮೆಟ್ಟಿಲು ಕಟ್ಟಿದ ಅಣೆಕಟ್ಟುಗಳು ನಮ್ಮ ದೇಶದಲ್ಲೇ ಬೆರಳೆಣಿಕೆಯಷ್ಟು. ಬಂಗಾಳ ಕೊಲ್ಲಿಯಿಂದ ಕಾವೇರಿಗೆ ಏರುತ್ತಿದ್ದ ಹಿಲ್ಸಾ ಮೀನಿಗೆ ಮೊದಲು ಕೊಳ್ಳಿಡಂ ಕಟ್ಟೆ ಅಡ್ಡವಾಯಿತು, 1934ರಲ್ಲಿ ಮೆಟ್ಟೂರು ಎದ್ದ ಮೇಲೆ ಮೇಲ್ಕಾವೇರಿಯಲ್ಲಿ ಅದರ ಕಥೆಯೇ ಮುಗಿಯಿತು. ತುಂಗಭದ್ರೆಯ ಮೀನುಗಾರಿಕೆಯನ್ನು ಚಾಕೊ ಮತ್ತು ಕುರಿಯನ್ ಎಂಬ ಇಬ್ಬರು ಡ್ಯಾಮು ಏಳುವ ಮೊದಲೇ ಸಮೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದ್ದರು. ಬಾಗಿಲು ಹಾಕುವ ಮುಂಚೆ ಮನೆಯಲ್ಲಿ ಯಾರಿದ್ದಾರೆ ಎಂದು ಎಣಿಸಿಕೊಂಡದ್ದಾಯಿತು, ಬಾಗಿಲಂತೂ ಹಾಕಿಯೇ ಬಿಟ್ಟರು.

ತಡೆದು ನಿಂತ ಈ ಗುಂಪಿಗೆ ಊಟವೂ ಅಲ್ಲೇ ಬೀಳುತ್ತದೆ. ಜಲಾಶಯದಲ್ಲಿ ಬಿತ್ತಿದ ಕಾಟ್ಲಾ, ರೋಹು ಮರಿಗಳು, ಸಣ್ಣ ಗೆಂಡೆಗಳು, ಸಿಗಡಿ, ಎಲ್ಲ ಗೇಟಿನಿಂದ ನೀರಿನ ಜೊತೆ ಧುಮುಕುತ್ತವೆ. ಬಿದ್ದ ಪೆಟ್ಟಿಗೆ ಸತ್ತವು ಕೆಲವು, ತಲೆತಿರುಗಿ ಹೊರಳುವವು ಕೆಲವು. ಅವುಗಳ ಹಿಂದೆ ಬೇಟೆಯ ಮೀನು ಬರುತ್ತದೆ. ಬೇಟೆಯ ಮೀನಿನ ಹಿಂದೆ ನೀರುನಾಯಿ, ಮೊಸಳೆ, ಮತ್ತೆ ನಾವು.

ಬೇಟೆಯ ಮೀನುಗಳಲ್ಲಿ ಹಿರಿಯ ಬಾಳೆ. ನಮ್ಮ ಕಡೆ ಬಾಳಿ ಎನ್ನುತ್ತಾರೆ, ತೆಲುಗರು ವಾಲುಗ ಎನ್ನುತ್ತಾರೆ. ಪೊರೆಯಿಲ್ಲದ ಬೆಳ್ಳನೆಯ ಉದ್ದ ಮೈ, ಬೆನ್ನ ಮೇಲೆ ಹೆಸರಿಗೆ ಮಾತ್ರ ಒಂದು ಚೂರು ರೆಕ್ಕೆ, ಹೊಟ್ಟೆಯಡಿ ಬಾಲದವರೆಗೆ ಎಳೆದ ಉದ್ದ ರೆಕ್ಕೆ. ಬಾಯಿ ಮಾತ್ರ ಮೈಗೆ ಹೊಂದದಷ್ಟು ದೊಡ್ಡದು, ಕಣ್ಣಿನ ಹಿಂದಕ್ಕೂ ಸೀಳಿಕೊಂಡಿರುತ್ತದೆ. ಒಳಗೆ ಅರದಂಥ ಸಣ್ಣ ಹಲ್ಲುಗಳ ಪಟ್ಟಿ. ಎರಡು ಜೊತೆ ಮೀಸೆ, ಮೇಲಿನದು ಉದ್ದ. ಎರಡು ಮೀಟರಿಗೂ ಮೀರಿ ಬೆಳೆದ ದಾಖಲೆಗಳಿವೆ. ಈಗ ಮೊಣಕಾಲೆತ್ತರದ್ದು ಸಿಕ್ಕರೆ ದಡದಲ್ಲಿ ನಾಲ್ಕು ಜನ ಸೇರುತ್ತಾರೆ. ಸಾಹೇಬರ ಕಾಲದ ಗಾಳಗಾರರು ಇದನ್ನು ಸಿಹಿನೀರಿನ ಶಾರ್ಕ್ ಎಂದು ಕರೆದರು. ಕರೆದದ್ದು ಹೊಗಳಲಿಕ್ಕಲ್ಲ.

ಬಾಳೆಯ ನಂತರ ಶಿಂಗಾಲ. ಇದಕ್ಕೆ ನಾಲ್ಕು ಜೊತೆ ಮೀಸೆ, ಬೆನ್ನಿಗೂ ಎದೆಯ ಎರಡು ಕಡೆಗೂ ಗರಗಸದ ಅಂಚಿನ ಮುಳ್ಳು. ಇದರ ಚಿಕ್ಕ ಬಂಧು ಗಿರ್ಲು, ಹುಡುಗರ ಗಾಳಕ್ಕೆ ಮೊದಲು ಬೀಳುವ ಮೀನು, ಮುಳ್ಳು ಚುಚ್ಚಿ ಮೊದಲ ಪಾಠ ಕಲಿಸುವ ಮೀನೂ ಅದೇ. ದಡದ ಕೆಸರಿನಲ್ಲಿ ಮುರುಗೋಡು, ಚೇಳು ಮೀನು. ಇವೆರಡೂ ಗಾಳಿ ಉಸಿರಾಡಬಲ್ಲವು, ನೀರು ಬತ್ತಿದರೂ ಕೆಲಕಾಲ ಬದುಕುತ್ತವೆ. ಚೇಳು ಮೀನಿನ ಎದೆಮುಳ್ಳಿನಲ್ಲಿ ವಿಷವಿದೆ. ಅದರ ಹೆಸರಿಟ್ಟವನು ಕುಟುಕಿಸಿಕೊಂಡೇ ಇಟ್ಟಿರಬೇಕು.

ಇವುಗಳಿಗೆಲ್ಲ ಮೀಸೆ ಏಕೆ? ಅಣೆಕಟ್ಟಿನ ಕೆಳಗಿನ ನೀರು ಅರ್ಧ ವರ್ಷ ಕದಡಿರುತ್ತದೆ, ಮಡುವಿನ ತಳ ಹಗಲಲ್ಲೂ ಕತ್ತಲು, ಬಾಳೆಯ ಕಣ್ಣೋ ತೀರ ಸಣ್ಣದು. ಮೀಸೆಯ ಉದ್ದಕ್ಕೂ ರುಚಿಮೊಗ್ಗುಗಳಿವೆ. ಮೀಸೆಯಲ್ಲಷ್ಟೇ ಅಲ್ಲ, ಮೈಚರ್ಮದ ಮೇಲೂ ಇವೆ. ನಾವು ಬಾಯಿಗಿಟ್ಟ ಮೇಲೆ ರುಚಿ ನೋಡುತ್ತೇವೆ, ಅದು ಹತ್ತಿರ ಸುಳಿದಾಗಲೇ ನೋಡಿಬಿಡುತ್ತದೆ. ಕಿವಿಯೂ ಚುರುಕು. ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಪುಟ್ಟ ಮೂಳೆಗಳ ಕೊಂಡಿ ಇದೆಯೆಂದು ಜರ್ಮನಿಯ ವೇಬರ್ 1820ರಲ್ಲೇ ತೋರಿಸಿದ. ಗೆಂಡೆ ಜಾತಿಗೂ ಈ ಕೊಂಡಿ ಇದೆ. ಇದಕ್ಕಿಂತ ಬೆರಗಿನದು ಇನ್ನೊಂದು. 1917ರಲ್ಲಿ ಪಾರ್ಕರ್ ಮತ್ತು ವ್ಯಾನ್ ಹ್ಯೂಸನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಮೀಸೆ ಮೀನಿನ ಕಣ್ಣು ಮರೆಮಾಡಿ ಹತ್ತಿರಕ್ಕೆ ಗಾಜಿನ ಕಡ್ಡಿ ತಂದರು. ಮುಟ್ಟುವವರೆಗೆ ಮೀನು ಮಿಸುಕಲಿಲ್ಲ. ಲೋಹದ ಕಡ್ಡಿ ತಂದರು, ದೂರದಲ್ಲಿದ್ದಾಗಲೇ ಮೀನು ಬೆದರಿತು. ನೀರಿನಲ್ಲಿ ಲೋಹ ಹುಟ್ಟಿಸುವ ಅತಿಸಣ್ಣ ವಿದ್ಯುತ್ತು ಅದಕ್ಕೆ ತಿಳಿಯುತ್ತದೆ. ಕೆಸರಿನಲ್ಲಿ ಅಡಗಿದ ಸಿಗಡಿಯ ಸ್ನಾಯು ಅಲುಗಿದಾಗ ಏಳುವ ವಿದ್ಯುತ್ತಿಗೂ ಅದು ಹಾಗೆಯೇ ಎಚ್ಚರವಾಗುತ್ತದೆ. ಇಂಥ ಪ್ರಾಣಿಗೆ ನಾವು ಗಾಳ ಬಚ್ಚಿಡುತ್ತೇವೆ ಎಂದುಕೊಳ್ಳುವುದು ನಮ್ಮ ಸಮಾಧಾನ. ಕಂಪ್ಲಿಯ ಯಜಮಾನರಂತೂ ಕೊಕ್ಕೆಯ ಒಂದಿಂಚೂ ಹೊರಗೆ ಕಾಣದಂತೆ ಎರೆಹುಳು ಪೋಣಿಸುತ್ತಿದ್ದರು. ಏಕೆ ಎಂದರೆ "ಅದಕ್ಕ ಕಬ್ಬಣ ಗೊತ್ತಾಕ್ಕತಿ" ಎನ್ನುತ್ತಿದ್ದರು. ಪಾರ್ಕರ್ ಸಾಹೇಬರನ್ನು ಅವರು ಓದಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ದಡದ ಗಾಳದಲ್ಲಿ ಮುಕ್ಕಾಲು ಪಾಲು ಕೆಲಸ ಗಾಳ ಬಿಚ್ಚುವ ಮೊದಲೇ ಆಗಬೇಕು. ದೋಣಿಯವನು ಮೀನನ್ನು ಹುಡುಕಿಕೊಂಡು ಹೋಗುತ್ತಾನೆ. ದಡದವನು ಮೀನು ಬರುವ ಕಡೆ ಮೊದಲೇ ಹೋಗಿ ಕೂರಬೇಕು. ಬಂದು ನಿಂತ ತಕ್ಷಣ ಎಸೆಯಬೇಡಿ. ಕೈಗೆ ಸಿಕ್ಕ ಒಣ ಎಲೆಯನ್ನೋ ಹುಲ್ಲುಕಡ್ಡಿಯನ್ನೋ ನೀರಿಗೆ ಬಿಟ್ಟು ನೋಡಿ. ಸೆಳವಿನಲ್ಲಿ ಓಡಿದ ಎಲೆ ಒಂದು ಕಡೆ ತಡವರಿಸಿ, ಹಿಂದಕ್ಕೆ ತಿರುಗಿ, ದಡದ ಕಡೆಗೆ ಬರುತ್ತದೆ. ಓಡುವ ನೀರಿಗೂ ನಿಂತ ನೀರಿಗೂ ನಡುವೆ ಅಲ್ಲೊಂದು ಗೆರೆ ಇರುತ್ತದೆ. ಬಾಳೆ ಸೆಳವಿನಲ್ಲಿ ಈಜಿ ಸುಸ್ತಾಗುವ ಮೀನಲ್ಲ. ಬಂಡೆಯ ಮರೆಯಲ್ಲಿ ಮಲಗಿ, ಸೆಳವು ಹೊತ್ತು ತಂದದ್ದನ್ನು ಆ ಗೆರೆಯಲ್ಲಿ ಬಂದು ನುಂಗಿ ಮತ್ತೆ ಮರೆಗೆ ಸರಿಯುತ್ತದೆ. ಗಾಳ ಬೀಳಬೇಕಾದದ್ದು ಗೆರೆಯ ಮೇಲ್ಭಾಗದಲ್ಲಿ. ಎರೆಯ ವಾಸನೆ ನೀರಿನ ಜೊತೆ ಕೆಳಗಿಳಿದು ಮಡುವಿಗೆ ಹೋಗುತ್ತದೆ. ಮಡುವಿನ ಕೆಳಗೆ ಎಸೆದವನ ವಾಸನೆ ಕಂಪ್ಲಿಗೆ ಹೋಗುತ್ತದೆ.

ಹೊರಹರಿವು ಏರುತ್ತಿರುವಾಗ ಈ ಗೆರೆ ದಡಕ್ಕೆ ಹತ್ತಿರ ಬರುತ್ತದೆ. ನಿನ್ನೆ ಒಣಗಿದ್ದ ಹುಲ್ಲಿನ ಮೇಲೆ ಇವತ್ತು ಗೇಣುದ್ದ ನೀರಿದ್ದರೆ, ಅಲ್ಲಿನ ಹುಳು, ಮಿಡತೆ, ಕಪ್ಪೆಮರಿಗೆ ಮೀನು ಬಂದೇ ಬರುತ್ತದೆ. ದೂರ ಎಸೆಯಲೇಬೇಕು ಎಂಬ ಹಟ ಆಗ ಬೇಡ, ಕಾಲಬುಡದಲ್ಲೇ ನೋಡಿ. ಇಳಿಯುತ್ತಿರುವಾಗ ಮೀನು ಹಿಂದೆ ಸರಿದು ಆಳದ ಮಡು ಸೇರುತ್ತದೆ. ಆಗ ಭಾರದ ಸೀಸ, ಉದ್ದ ಎಸೆತ. ಏರೂ ಇಲ್ಲದೆ ಇಳಿವೂ ಇಲ್ಲದೆ ವಾರಗಟ್ಟಲೆ ಒಂದೇ ಸಮ ಹರಿದರೆ ಮೀನಿಗೂ ಬೇಸರ, ನಮಗೂ ಬೇಸರ. ಬೇಸಿಗೆಯಲ್ಲಂತೂ ಒಂದು ತಮಾಷೆ ಇದೆ. ಆಗ ಹೊಳೆಗೆ ಬೀಳುವ ನೀರು ರಾಜೋಳಿಬಂಡಾ ಯೋಜನೆಗೋ ಕರ್ನೂಲು ಕಡೆಯ ಕೆ.ಸಿ. ಕಾಲುವೆಗೋ ಬೇಡಿಕೆ ಬಂದಾಗ ಬಿಡುವ ಪಾಲು. ಅಲ್ಲೆಲ್ಲೋ ಕೆಳಗಿನವರು ಅರ್ಜಿ ಹಾಕಿದರೆ ಇಲ್ಲಿ ಹೊಸಪೇಟೆಯ ಕೆಳಗೆ ಮಲಗಿದ್ದ ಬಾಳೆಮೀನು ಏಳುತ್ತದೆ. ಮೂರು ರಾಜ್ಯದ ನೀರಿನ ಲೆಕ್ಕ ಗೊತ್ತಿರುವ ಗಾಳಗಾರರು ಬೇರೆಲ್ಲಿ ಸಿಗುತ್ತಾರೆ ಹೇಳಿ.

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅಂಗಡಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ರೀಲು ಹಾಕಿದ ಗಟ್ಟಿ ಕೋಲಾದರೂ ಸರಿ, ಬಾಟಲಿಗೆ ಸುತ್ತಿದ ತಂಗೂಸಿ ದಾರವಾದರೂ ಸರಿ. ಕೊಕ್ಕೆಯ ಹತ್ತಿರದ ಒಂದಡಿ ಮಾತ್ರ ತಂತಿಯೋ ದಪ್ಪ ದಾರವೋ ಇರಲಿ. ಬಾಳೆಯ ಹಲ್ಲು ತಂಗೂಸಿಯನ್ನು ಒಂದೇ ಸಲಕ್ಕೆ ಕತ್ತರಿಸುವುದಿಲ್ಲ, ಉಜ್ಜಿ ಉಜ್ಜಿ ಸವೆಸುತ್ತದೆ. ಬಂಡೆಯ ಹೊಳೆಯಲ್ಲಿ ಸೀಸ ಸಿಕ್ಕಿಬೀಳುವುದು ದಿನದ ಖರ್ಚು. ಆದ್ದರಿಂದ ನಮ್ಮ ಕಡೆಯವರು ಹಳೆಯ ನಟ್ಟು, ಕೆಟ್ಟ ಸ್ಪಾರ್ಕ್ ಪ್ಲಗ್ಗು ಕಟ್ಟುತ್ತಾರೆ. ಅದನ್ನು ಕಟ್ಟುವ ದಾರ ಮುಖ್ಯ ದಾರಕ್ಕಿಂತ ತೆಳುವಾಗಿರುತ್ತದೆ. ಸಿಕ್ಕಿಬಿದ್ದರೆ ನಟ್ಟು ಹೋಗುತ್ತದೆ, ಗಾಳ ಉಳಿಯುತ್ತದೆ. ಎರೆಗೆ ಎರೆಹುಳು, ಸಿಗಡಿ, ಕೋಳಿಯ ಕರುಳು, ಸಣ್ಣ ಮೀನಿನ ತುಂಡು. ಕೋಳಿಯಂಗಡಿಯವನ ಸ್ನೇಹ ಈ ಹವ್ಯಾಸಕ್ಕೆ ಅತ್ಯಗತ್ಯ. ಅರ್ಧ ಗಂಟೆಗೊಮ್ಮೆ ಎರೆ ಬದಲಿಸಿ, ಏಕೆಂದರೆ ನೀರು ತೊಳೆದ ತುಂಡಿನಲ್ಲಿ ನಮಗೆ ಮಾಂಸ ಕಾಣುತ್ತದೆ, ಮೀನಿಗೆ ಏನೂ ಸಿಗುವುದಿಲ್ಲ.

ಸದ್ದು ಮಾಡಬಾರದು ಎನ್ನುತ್ತಾರೆ. ನಿಜ, ಆದರೆ ಮಾತಿನ ಸದ್ದು ನೀರಿನ ಮೇಲ್ಮೈಯಲ್ಲೇ ಬಹುಪಾಲು ಹಿಂದಿರುಗಿಬಿಡುತ್ತದೆ. ಬಂಡೆಯ ಮೇಲೆ ಧಡಧಡ ಓಡಾಡುವ ಕಾಲಿನ ಸದ್ದು ನೇರ ಕೆಳಗಿಳಿಯುತ್ತದೆ. ಹಾಗಾಗಿ ರೇಡಿಯೊ ಮೆಲ್ಲಗೆ ಹಾಡಿಕೊಂಡಿರಲಿ. ಚಪ್ಪಲಿ ಮಾತ್ರ ಬಿಟ್ಟು ಕುಳಿತುಕೊಳ್ಳಿ.

ಕಚ್ಚುವ ರೀತಿಯಲ್ಲೇ ಮೀನಿನ ಗುರುತು ಹತ್ತುತ್ತದೆ. ಗಿರ್ಲು ಟಕಟಕ ಎಂದು ಕುಟ್ಟುತ್ತದೆ. ಶಿಂಗಾಲ ಎಳೆದು ಬಿಟ್ಟು, ಮತ್ತೆ ಎಳೆಯುತ್ತದೆ. ಬಾಳೆ ಮೊದಲು ಒಂದು ಭಾರ ಕೊಡುತ್ತದೆ, ದಾರ ಎಲ್ಲೋ ಕಸಕ್ಕೆ ಸಿಕ್ಕಿತೇನೋ ಅನ್ನಿಸುತ್ತದೆ. ಆಮೇಲೆ ಆ ಕಸ ಪಕ್ಕಕ್ಕೆ ನಡೆಯಲು ಶುರುಮಾಡುತ್ತದೆ. ಕೈ ತಡೆಯದೆ ಆಗಲೇ ಎಳೆದವರು ಬರಿ ಕೊಕ್ಕೆ ನೋಡುತ್ತಾರೆ. ದಾರ ಒಂದೇ ದಿಕ್ಕಿಗೆ ಓಡಲಿ, ಆಮೇಲೆ ಎತ್ತಿ. ಗೆಂಡೆ ಜಾತಿಯ ಮೀನಿನ ಹಾಗೆ ಬಾಳೆ ಬಹಳ ಹೊತ್ತು ಹೋರಾಡುವುದಿಲ್ಲ. ಮೊದಲ ಓಟ ಜೋರು, ಅಷ್ಟರಲ್ಲಿ ಬಂಡೆಯ ಸಂದು ಹೊಕ್ಕರೆ ಅದು ಗೆದ್ದ ಹಾಗೆ. ದಡಕ್ಕೆ ಬಂದ ಮೇಲೆ ಬಾಯಿಗೆ ಕೈ ಹಾಕಬೇಡಿ. ಶಿಂಗಾಲವಾದರೆ ಒದ್ದೆ ಗೋಣಿತಾಟು ಸುತ್ತಿ, ಎದೆಮುಳ್ಳಿನ ಹಿಂದೆ ಹಿಡಿಯಿರಿ.

ಇದೆಲ್ಲ ಇತ್ತೀಚಿನ ವಿದ್ಯೆ ಎಂದುಕೊಳ್ಳಬೇಡಿ. ನಮ್ಮದೇ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಮೀನುಗಳನ್ನು ಅವನು ಪೊರೆಯುಳ್ಳವು, ಬರಿ ಚರ್ಮದವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಉಣಿಸು, ಕೋಲು ಎಂಥದ್ದು, ದಾರ ಎಂಥದ್ದು ಎಂದೆಲ್ಲ ಹೇಳುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಪ್ರಬಂಧ ಬರೆದು ವಿದ್ವಾಂಸರ ಗಮನ ಸೆಳೆದರು. ಕಲ್ಯಾಣದ ಅರಸನ ಗಾಳದಲ್ಲಿ ಚರ್ಮದ ಮೀನಿಗೂ ಜಾಗವಿತ್ತು. ಬ್ರಿಟಿಷರ ಕಾಲಕ್ಕೆ ಆ ಜಾಗ ಹೋಯಿತು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಅದರ ನಾಯಕ ಮಹಶೀರ್ ಎಂಬ ಪೊರೆಯ ಮೀನು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಇವತ್ತಿಗೂ ಮಾತಿಗೆ ಬರುತ್ತದೆ. ಬಾಳೆ ಹಿಡಿದವನ ಹೆಸರು ಹಾಗೆ ಮಾತಿಗೆ ಬರುವುದಿಲ್ಲ. ಸಂಜೆಯ ಸಾರಿಗೆ ಹಿಡಿದವನು ಅಳತೆಪಟ್ಟಿ ಹುಡುಕುವುದಿಲ್ಲ ಎಂಬುದು ಒಂದು ಕಾರಣ. ತಳದ ಮೀನೆಂದರೆ ಕೀಳು ಮೀನು ಎಂಬ ಸಾಹೇಬರ ಮಡಿ ನಮ್ಮವರಿಗೂ ಅಂಟಿದ್ದು ಇನ್ನೊಂದು ಕಾರಣ ಎಂದು ನನ್ನ ಗುಮಾನಿ.

ಅಪಾಯದ ಮಾತನ್ನು ನಿಧಾನವಾಗಿಯೇ ಹೇಳಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದು ವಾರ್ತೆಯಲ್ಲಿ ಸಲೀಸಾಗಿ ಕೇಳುತ್ತೇವಲ್ಲ, ಅದು ಪ್ರತಿ ಸೆಕೆಂಡಿಗೆ ಎರಡು ಲಕ್ಷದ ಎಂಬತ್ತು ಸಾವಿರ ಲೀಟರಿಗೂ ಹೆಚ್ಚು. ಗೇಟು ಎತ್ತಿದಾಗ ನೀರು ಹೊಳೆಯ ನಡುವಿನಿಂದ ಎದ್ದು ನಮ್ಮೆದುರು ಬರುತ್ತದೆ ಎಂದು ಜನ ಭಾವಿಸುತ್ತಾರೆ. ಬಂಡೆಯ ಹೊಳೆಯಲ್ಲಿ ಯಾವಾಗಲೂ ಹಾಗಾಗುವುದಿಲ್ಲ. ಅದು ಮೊದಲು ಹಿಂದಿನ ಕವಲಿಗೆ, ನೀವು ದಾಟಿ ಬಂದ ಒಣ ಕವಲಿಗೆ ನುಗ್ಗಬಹುದು. ಎದುರಿನ ನೀರು ಇನ್ನೂ ಸುಮ್ಮನಿರುವಾಗಲೇ ಬೆನ್ನ ಹಿಂದೆ ದಾರಿ ಮುಚ್ಚಿರಬಹುದು. ಹಿಮಾಚಲದ ಬಿಯಾಸ್ ನದಿಯಲ್ಲಿ 2014ರ ಜೂನ್ 8ರ ಸಂಜೆ ಬಂಡೆಗಳ ಮೇಲಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ನಮ್ಮ ಡ್ಯಾಮಿನಲ್ಲೇ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಹೋಯಿತು. ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಅಂಥ ರಾತ್ರಿಗೆ ಯಾವ ವೇಳಾಪಟ್ಟಿಯೂ ಇರುವುದಿಲ್ಲ. ಆದ್ದರಿಂದ ನಡುಗಡ್ಡೆಯ ಬಂಡೆ ಎಷ್ಟೇ ಚೆನ್ನಾಗಿದ್ದರೂ ಅದರ ಮೇಲೆ ಕೂರಬೇಡಿ. ಕೂತ ಜಾಗದಿಂದ ಹಿಂದಿನ ಏರಿಗೆ ಕಾಲು ಒದ್ದೆಯಾಗದ ದಾರಿ ಇರಬೇಕು. ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ಸೈರನ್ ಕೇಳಿದರೆ ಗಾಳದಲ್ಲಿ ಮೀನಿದ್ದರೂ ದಾರ ಕತ್ತರಿಸಿ ಮೇಲೆ ಬನ್ನಿ.

ಕಾನೂನಿನ ಮಾತೂ ಇದೆ. ಡ್ಯಾಮಿನ ಬುಡ ಕಾವಲಿನ ಪ್ರದೇಶ, ಅಲ್ಲಿಗೆ ಹೋಗುವ ಪ್ರಶ್ನೆಯೇ ಇಲ್ಲ. ಅದರ ಕೆಳಗೆ ಕಂಪ್ಲಿ ಸೇತುವೆಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಅಲ್ಲಿ ಗಾಳ ಹಾಕುವ ಮನಸ್ಸಿದ್ದರೆ ಅರಣ್ಯ ಇಲಾಖೆಯನ್ನೂ ಮೀನುಗಾರಿಕೆ ಇಲಾಖೆಯನ್ನೂ ಕೇಳಿ, ಒಪ್ಪಿಗೆ ಇದ್ದಲ್ಲಿ ಮಾತ್ರ ಕೂರಿ. ನೀರುನಾಯಿ ಬಂದರೆ ಮೀನು ಓಡಿಹೋಗುತ್ತದೆ ಎಂದು ಕಲ್ಲೆಸೆಯುವವರನ್ನು ನೋಡಿದ್ದೇನೆ. ಅದು ಎದ್ದು ಬಂದ ಮಡುವಿನಲ್ಲಿ ಮೀನಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಹೊಳೆಯನ್ನು ಹಾಳುಮಾಡುವವರು ಬೇರೆ ಇದ್ದಾರೆ. ಮಡುವಿಗೆ ಸಿಡಿಮದ್ದು ಹಾಕುವವರು, ವಿಷ ಬೆರೆಸುವವರು. ಇದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದರೂ ನಿಂತಿಲ್ಲ. ಎಲ್ಲ ಮೀನೂ ಒಂದೇ ಕಡೆ ತಡೆದು ನಿಂತ ಜಾಗದಲ್ಲಿ ಒಂದು ಮದ್ದು ಸಿಡಿದರೆ ಹೋಗುವುದು ಆ ಮಡುವಿನ ಮೀನಷ್ಟೇ ಅಲ್ಲ, ಮುಂದಿನ ಮಳೆಗಾಲಕ್ಕೆ ಮೊಟ್ಟೆಯಿಡಬೇಕಾಗಿದ್ದ ಬಳಗವೂ ಹೋಗುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬಾಳೆಮೀನು ಈಗ ಅಪಾಯಕ್ಕೀಡಾದ ಜೀವಿಗಳ ಸಾಲಿನಲ್ಲಿದೆ. ಕೃಷ್ಣಾ ಕಣಿವೆಯ ಇನ್ನೊಂದು ದೊಡ್ಡ ಮೀಸೆ ಮೀನು ಸಿಲೋನಿಯಾ. ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನದ ಮೀನೆಂದು ವರ್ಣಿಸಿದ್ದ ಅದರ ಸ್ಥಿತಿ ಇನ್ನೂ ಕೆಟ್ಟದ್ದು.

ಗಾಳ ಅಷ್ಟು ಹಾನಿ ಮಾಡದು ಎನ್ನಬಹುದು. ಒಪ್ಪುತ್ತೇನೆ, ಒಂದು ಋತುವನ್ನು ಬಿಟ್ಟು. ಹೊಸ ನೀರು ಬಂದಾಗ ಕಚ್ಚುವ ದೊಡ್ಡ ಬಾಳೆಯ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ. ಶಿಂಗಾಲ ದಡದ ಹತ್ತಿರ ತಳದಲ್ಲಿ ಕುಳಿ ತೋಡಿ ಮೊಟ್ಟೆಯಿಡುತ್ತದೆ, ಗಂಡು ಅದನ್ನು ಕಾಯುತ್ತದೆ. ಗೇಟು ಇಳಿಸಿದಾಗ ನೀರು ತಟ್ಟನೆ ಹಿಂದೆ ಸರಿದರೆ ಆ ಕುಳಿ ಬಿಸಿಲಿಗೆ ಬೀಳುತ್ತದೆ. ಅದನ್ನು ನಾವು ತಪ್ಪಿಸಲಾರೆವು. ಕಾಯುವ ಗಂಡನ್ನು ಗಾಳಕ್ಕೆ ಎತ್ತದಿರುವುದು ಮಾತ್ರ ನಮ್ಮ ಕೈಲಿದೆ. ಕಂಪ್ಲಿಯ ಯಜಮಾನರು ಕೆನ್ನೀರು ಬಂದ ದಿನ ಗಾಳ ಸುತ್ತಿ ಮನೆಗೆ ಹೋಗುತ್ತಿದ್ದರು, ಉಳಿದವರೆಲ್ಲ ಮನೆಯಿಂದ ಹೊಳೆಗೆ ಬರುತ್ತಿದ್ದರು. ನೀವ್ಯಾಕೆ ಹೊರಟಿರಿ ಎಂದರೆ "ಗದ್ದಲ ಭಾಳ" ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚು ವಿವರಿಸಿದವರಲ್ಲ.

ನೀರಿಗೆ ಹಿಂದೆ ಬಿಡಬಾರದ ಮೀನೂ ಒಂದಿದೆ. ಮುರುಗೋಡಿನ ಹಾಗೆ ಬೆನ್ನುದ್ದ ರೆಕ್ಕೆ, ಚಪ್ಪಟೆ ಗಟ್ಟಿ ತಲೆ, ಮೈಮೇಲೆ ಬೂದು ಕಪ್ಪು ಮಚ್ಚೆ, ತೂಕ ಮಾತ್ರ ಮೂರು ನಾಲ್ಕು ಕಿಲೋ. ಇದು ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕದ್ದು ಸಾಕುವ ಹೊಂಡಗಳಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಜಾರುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ನಮ್ಮ ಮುರುಗೋಡಿನ ಜಾಗವನ್ನೂ ಕಸಿಯುತ್ತದೆ. ಗಾಳಕ್ಕೆ ಬಂದರೆ ಪುಣ್ಯ ಕಟ್ಟಿಕೊಳ್ಳಲು ಹೋಗಿ ಬಿಡಬೇಡಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಹಾಗಾದರೆ ಯಾವಾಗ ಬರಬೇಕು? ದಸರಾ ಕಳೆಯಲಿ. ಗೇಟುಗಳೆಲ್ಲ ಇಳಿದು, ಹೊಳೆ ಕೆಂಪು ಬಿಟ್ಟು ಹಸಿರಿಗೆ ತಿರುಗಲಿ. ಆಗ ಮೀನು ಮೊಟ್ಟೆಯ ಕೆಲಸ ಮುಗಿಸಿರುತ್ತದೆ, ಹಸಿದಿರುತ್ತದೆ, ಮಡು ಎಲ್ಲಿ ಬಂಡೆ ಎಲ್ಲಿ ಎಂದು ನಿಮಗೂ ಕಾಣುತ್ತದೆ. ಸಂಜೆ ಐದಕ್ಕೆ ಬಂದು ಜಾಗ ನೋಡಿಕೊಂಡು, ಹೊತ್ತು ಮುಳುಗಿದ ಮೇಲೆ ಎರಡು ತಾಸು ಕೂತರೆ ಸಾಕು, ಬಾಳೆ ಕಚ್ಚುವುದು ಆ ಹೊತ್ತಿಗೇ. ಸಿಕ್ಕರೆ ಮನೆಯಲ್ಲಿ ಮೈಯ ಲೋಳೆಯನ್ನು ಬೂದಿ ಇಲ್ಲವೇ ಕಲ್ಲುಪ್ಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದು, ದಪ್ಪ ದಪ್ಪ ತುಂಡು ಮಾಡಿ, ಹುಳಿ ಖಾರ ಮುಂದಾಗಿ ಸಾರು ಮಾಡಿ. ಮುಳ್ಳು ಕಡಿಮೆ, ಮಕ್ಕಳೂ ತಿನ್ನಬಹುದು. ಜೋಳದ ರೊಟ್ಟಿಗೆ ಆ ದಿನಕ್ಕಿಂತ ಮರುದಿನದ ಸಾರೇ ಚೆನ್ನ. ಸಿಗದಿದ್ದರೆ ಹೊಸಪೇಟೆ ಮಾರುಕಟ್ಟೆಯಲ್ಲಿ ವಿಚಾರಿಸಿ ನೋಡಿ. ಮನೆಯಲ್ಲಿ ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಬರುವಾಗ ಟಾರ್ಚು ತರುವುದನ್ನು ಮರೆಯಬೇಡಿ.